ಪ್ರದರ್ಶನ ನೋಡಿ ಬಂದ ಮರುದಿನ

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಆಧುನಿಕ ಕಲೆಯ ಒಂದು ಒಳ್ಳೆಯ ಪ್ರದರ್ಶನವು ಶಾಲೆಯ ಚಿತ್ರಕಲಾ ಪಾಠವನ್ನೇ ಬದಲಿಸಬಲ್ಲದು ಎಂದು ಕಳೆದ ಸಂಚಿಕೆಯ ಟಿಪ್ಪಣಿಯೊಂದರಲ್ಲಿ ಬರೆದಿದ್ದೆ. ಆ ಒಂದು ಮಾತಿಗೆ ನಿರೀಕ್ಷೆಗೆ ಮೀರಿ ಪತ್ರಗಳು ಬಂದಿವೆ. ಒಪ್ಪಿದವರೂ ಇದ್ದಾರೆ, ಬಲವಾಗಿ ಆಕ್ಷೇಪಿಸಿದವರೂ ಇದ್ದಾರೆ. ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಪ್ರೌಢಶಾಲೆಯೊಂದರ ಚಿತ್ರಕಲಾ ಶಿಕ್ಷಕಿ. ಒಂಬತ್ತನೆಯ ತರಗತಿಯ ಮಕ್ಕಳನ್ನು ಆಧುನಿಕ ಕಲಾಪ್ರದರ್ಶನವೊಂದಕ್ಕೆ ಕರೆದುಕೊಂಡು ಹೋಗಿ ಬಂದೆ. ಮರುದಿನ ಸಹೋದ್ಯೋಗಿಗಳು, “ವಸ್ತುಚಿತ್ರ, ನಿಸರ್ಗಚಿತ್ರ, ವಿನ್ಯಾಸ ಇವನ್ನು ಕಲಿಸುವುದು ನಿಮ್ಮ ಕೆಲಸ. ಅಲ್ಲಿ ನೋಡಿದ್ದಕ್ಕೂ ಇದಕ್ಕೂ ಏನು ಸಂಬಂಧ?” ಎಂದು ಕೇಳಿದರು. ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಪ್ರದರ್ಶನಗಳು ಶಾಲೆಯ ಪಾಠದ ಮೇಲೆ ನಿಜವಾಗಿ ಪ್ರಭಾವ ಬೀರಿದ ಉದಾಹರಣೆಗಳು ಇವೆಯೇ?

ಉತ್ತರ: ಇವೆ. ಅಷ್ಟೇ ಅಲ್ಲ, ನಿಮ್ಮ ಸಹೋದ್ಯೋಗಿಗಳು ಹೆಸರಿಸಿದ ‘ವಿನ್ಯಾಸ’ ಪಾಠದ ಬಹುಭಾಗವು ಶಾಲೆಗೆ ಬಂದದ್ದೇ ಆಧುನಿಕ ಕಲೆಯ ದಾರಿಯಿಂದ. ಅದನ್ನು ವಿವರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಶಾಲೆಗಳಿಗೆ ಚಿತ್ರಕಲೆ ಬಂದದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ, ಕೈಗಾರಿಕೆಯ ಅಗತ್ಯದಿಂದ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯವು 1870ರಲ್ಲಿ ಚಿತ್ರರಚನೆಯ ಶಿಕ್ಷಣಕ್ಕಾಗಿ ಕಾಯ್ದೆ ಮಾಡಿದಾಗ ಅದರ ಬೆನ್ನಿಗಿದ್ದವರು ನುರಿತ ನಕ್ಷೆಗಾರರು ಬೇಕಾಗಿದ್ದ ಉದ್ಯಮಿಗಳು. ಪಾಠ ರೂಪಿಸಲು ಅವರು ಇಂಗ್ಲೆಂಡಿನಿಂದ ವಾಲ್ಟರ್ ಸ್ಮಿತ್ ಎಂಬ ಶಿಕ್ಷಕರನ್ನು ಕರೆಸಿಕೊಂಡರು. ನೇರ ಗೆರೆ, ಸಮಕೋನ, ಎಲೆಬಳ್ಳಿಯ ಅಚ್ಚು, ಹಲಗೆಯ ಮೇಲಿನ ಮಾದರಿಯ ನಕಲು, ಇವೇ ಆ ಪಾಠದ ಜೀವಾಳ. ಮಗುವಿನ ಕೈ ಎಷ್ಟು ಕರಾರುವಾಕ್ಕಾಗಿ ಪಳಗಿದೆ ಎಂಬುದಷ್ಟೇ ಅಲ್ಲಿ ಲೆಕ್ಕಕ್ಕೆ ಬರುತ್ತಿತ್ತು. ಮಗು ಏನನ್ನು ಕಂಡಿದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಆ ಪ್ರಶ್ನೆಯನ್ನು ಮೊದಲು ಕೇಳಿದವರಲ್ಲಿ ವಿಯೆನ್ನಾದ ಫ್ರಾಂಝ್ ಚಿಝೆಕ್ ಪ್ರಮುಖರು. 1897ರಲ್ಲಿ ಅವರು ಮಕ್ಕಳಿಗಾಗಿಯೇ ಒಂದು ಕಲಾತರಗತಿಯನ್ನು ತೆರೆದರು. ಅದೇ ವರ್ಷ, ಅದೇ ನಗರದಲ್ಲಿ, ಚಿತ್ರಕಾರ ಗುಸ್ತಾವ್ ಕ್ಲಿಮ್ಟ್ ಮತ್ತು ಸಂಗಡಿಗರು ಹಳೆಯ ಕಲಾಸಂಘವನ್ನು ತೊರೆದು ‘ಸೆಸೆಷನ್’ ಎಂಬ ಹೊಸ ಬಳಗವನ್ನು ಕಟ್ಟಿದರು. ಈ ಬಳಗದವರಿಗೂ ಚಿಝೆಕ್‌ಗೂ ಒಡನಾಟವಿತ್ತು. 1908ರಲ್ಲಿ ಕ್ಲಿಮ್ಟ್ ಬಳಗವು ಏರ್ಪಡಿಸಿದ ‘ಕುನ್ಸ್ಟ್‌ಷೌ’ ಎಂಬ ದೊಡ್ಡ ಪ್ರದರ್ಶನದಲ್ಲಿ, ಇಂದು ಜಗತ್ತಿಗೆಲ್ಲ ಪರಿಚಿತವಾಗಿರುವ ಕ್ಲಿಮ್ಟ್‌ರ ಚಿತ್ರ ‘ಚುಂಬನ’ ಮೊದಲ ಬಾರಿಗೆ ಜನರೆದುರು ಬಂದಿತು. ಅದೇ ಪ್ರದರ್ಶನದಲ್ಲಿ ಚಿಝೆಕ್‌ರ ತರಗತಿಯ ಮಕ್ಕಳ ಕೆಲಸಕ್ಕೂ ಜಾಗ ದೊರೆತಿತ್ತು. ಹೊಸ ಕಲೆಯನ್ನು ನೋಡಲು ಬಂದವರು ಮಕ್ಕಳ ಚಿತ್ರಗಳನ್ನೂ ಅದೇ ಗಂಭೀರ ಕಣ್ಣಿನಿಂದ ನೋಡಬೇಕಾಯಿತು. 1920ರಿಂದ ಆ ತರಗತಿಯ ಚಿತ್ರಗಳ ಪ್ರದರ್ಶನವು ಇಂಗ್ಲೆಂಡಿನ ಹಲವೆಡೆ ಸಂಚರಿಸಿ ಅಲ್ಲಿನ ಶಿಕ್ಷಕರ ನಡುವೆ ದೀರ್ಘ ಚರ್ಚೆಗೆ ಕಾರಣವಾಯಿತು.

ಇಂಗ್ಲೆಂಡಿನ ಕಥೆ ನನಗೆ ಇನ್ನೂ ಆಪ್ತವಾದುದು. 1910ರ ಕೊನೆಯಲ್ಲಿ ವಿಮರ್ಶಕ ರಾಜರ್ ಫ್ರೈ ಲಂಡನ್ನಿನ ಗ್ರಾಫ್ಟನ್ ಗ್ಯಾಲರಿಯಲ್ಲಿ ಸೆಝಾನ್, ಗೋಗ್ಯಾಂ, ವ್ಯಾನ್ ಗೋ ಮೊದಲಾದವರ ಚಿತ್ರಗಳನ್ನು ತಂದಿರಿಸಿದಾಗ ಬಹುಪಾಲು ಪತ್ರಿಕೆಗಳು ಅವನ್ನು ಹೀಗಳೆದವು. ಏಳು ವರ್ಷಗಳ ನಂತರ ಅದೇ ಫ್ರೈ ತಮ್ಮ ಒಮೇಗಾ ಕಾರ್ಯಾಗಾರದಲ್ಲಿ ಮಕ್ಕಳ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿದರು. ಡಡ್ಲಿ ಎಂಬ ಕೈಗಾರಿಕಾ ಊರಿನ ಬಾಲಕಿಯರ ಶಾಲೆಯಲ್ಲಿ ಕಲಿಸುತ್ತಿದ್ದ ಮೇರಿಯನ್ ರಿಚರ್ಡ್‌ಸನ್ ಎಂಬ ಯುವ ಶಿಕ್ಷಕಿ ಅಲ್ಲಿಗೆ ಹೋದರು. ತಮ್ಮ ವಿದ್ಯಾರ್ಥಿನಿಯರ ಚಿತ್ರಗಳನ್ನು ಫ್ರೈಗೆ ತೋರಿಸಿದರು. ಮಾದರಿಯನ್ನು ನಕಲಿಸಲು ಹೇಳುವ ಬದಲು ಅವರು ಒಂದು ದೃಶ್ಯವನ್ನು ಮಾತಿನಲ್ಲಿ ವರ್ಣಿಸುತ್ತಿದ್ದರು. ಮಕ್ಕಳು ಕಣ್ಣು ಮುಚ್ಚಿ ಕೇಳಿ, ಒಳಗಣ್ಣಿಗೆ ಕಂಡದ್ದನ್ನು ಬರೆಯುತ್ತಿದ್ದರು. ಫ್ರೈ ತಾವು ಹೊಸ ಚಿತ್ರಕಾರರಲ್ಲಿ ಮೆಚ್ಚಿದ ಗುಣವನ್ನೇ ಈ ಹುಡುಗಿಯರ ಚಿತ್ರಗಳಲ್ಲೂ ಕಂಡು ಅವನ್ನು ಪ್ರದರ್ಶನಕ್ಕಿಟ್ಟರು. ರಿಚರ್ಡ್‌ಸನ್ ಮುಂದೆ ಲಂಡನ್ ನಗರದ ಶಾಲೆಗಳ ಕಲಾ ಪರಿವೀಕ್ಷಕರಾದರು. 1938ರಲ್ಲಿ ಅಲ್ಲಿನ ಕೌಂಟಿ ಹಾಲ್‌ನಲ್ಲಿ ಅವರು ನಡೆಸಿದ ಮಕ್ಕಳ ಚಿತ್ರಗಳ ಪ್ರದರ್ಶನವು ಆ ನಗರದ ಶಾಲೆಗಳಲ್ಲಿ ಎರಡು ದಶಕಗಳಲ್ಲಿ ಆಗಿದ್ದ ಬದಲಾವಣೆಯನ್ನು ಎಲ್ಲರ ಕಣ್ಣಿಗೆ ಕಟ್ಟಿಕೊಟ್ಟಿತು.

ಇನ್ನು ವಿನ್ಯಾಸದ ಮಾತು. ಜರ್ಮನಿಯ ಬೌಹೌಸ್ ಎಂಬ ಕಲೆ ಮತ್ತು ವಿನ್ಯಾಸದ ಶಾಲೆಯಲ್ಲಿ 1919ರಿಂದ ಮೊದಲ ಹಂತದ ಪಾಠವನ್ನು ರೂಪಿಸಿದ ಯೋಹಾನೆಸ್ ಇಟ್ಟೆನ್, ನಂತರ ಅದನ್ನು ಮುಂದುವರಿಸಿದ ಯೋಸೆಫ್ ಆಲ್ಬರ್ಸ್, ಇಬ್ಬರೂ ಅದಕ್ಕೆ ಮೊದಲು ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದವರು. ಮರ, ಗಾಜು, ಉಣ್ಣೆ, ಕಾಗದವನ್ನು ಕೈಯಲ್ಲಿ ಹಿಡಿದು ಅವುಗಳ ಗುಣವನ್ನು ಅರಿಯುವುದು, ಒರಟು–ನಯ, ಕಪ್ಪು–ಬಿಳುಪು, ಬಿಸಿ–ತಂಪು ಬಣ್ಣಗಳ ವೈದೃಶ್ಯವನ್ನು ಅಭ್ಯಾಸ ಮಾಡುವುದು, ಇವು ಆ ಪಾಠದ ಮುಖ್ಯ ಅಂಗಗಳು. 1938ರ ಕೊನೆಯಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಬೌಹೌಸ್ ಕುರಿತ ಪ್ರದರ್ಶನವನ್ನು ತೆರೆದಾಗ ಈ ವಿಧಾನವು ಅಟ್ಲಾಂಟಿಕ್‌ನ ಆಚೆಗೂ ಹೆಚ್ಚು ಪರಿಚಿತವಾಯಿತು. ಇಂದಿನ ಪಠ್ಯಪುಸ್ತಕಗಳಲ್ಲಿ ರೇಖೆ, ಆಕಾರ, ವರ್ಣ, ಮೇಲ್ಮೈ ಎಂದು ವಿಂಗಡಿಸಿರುವ ಅಧ್ಯಾಯಗಳ ಹಿಂದೆ ಈ ಪರಂಪರೆಯೂ ಇದೆ. ಹಾಗಾಗಿ, ನೀವು ಮಕ್ಕಳನ್ನು ಕರೆದೊಯ್ದದ್ದು ನಿಮ್ಮ ಪಾಠದ ಮೂಲಕ್ಕೇ ಎಂದು ಸಹೋದ್ಯೋಗಿಗಳಿಗೆ ಧೈರ್ಯವಾಗಿ ಹೇಳಬಹುದು.

ಪ್ರಶ್ನೆ: ಪ್ರದರ್ಶನವೊಂದರಲ್ಲಿ ಅಮೂರ್ತ ಚಿತ್ರದ ಮುಂದೆ ನಿಂತು ನನ್ನ ಹತ್ತು ವರ್ಷದ ಮಗ, “ಅಪ್ಪ, ಇದನ್ನು ನಾನೂ ಬರೆಯಬಲ್ಲೆ” ಎಂದ. ಸುತ್ತಲಿದ್ದವರು ನಕ್ಕರು. ನಾನು ಅವನನ್ನು ಸುಮ್ಮನಿರಿಸಿದೆ. ಆಮೇಲೆ ಅದು ಸರಿಯೇ ಎಂದು ಕಾಡತೊಡಗಿತು. ಏನು ಹೇಳಬೇಕಿತ್ತು?

ಉತ್ತರ: ಸುಮ್ಮನಿರಿಸಬಾರದಿತ್ತು. ಆದರೆ ನಿಮ್ಮನ್ನು ಕಾಡಿದ ಆ ಪ್ರಶ್ನೆಯೇ ಅದನ್ನು ಸರಿಪಡಿಸಲು ಸಾಕಷ್ಟು ದಾರಿ ಮಾಡಿಕೊಟ್ಟಿದೆ.

ನಿಮ್ಮ ಮಗನ ಮಾತಿನಲ್ಲಿ ಎರಡು ಸಂಗತಿಗಳಿವೆ. ಮೊದಲನೆಯದು, ಆ ಚಿತ್ರ ಅವನಿಗೆ ಪರಕೀಯವೆನಿಸಲಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಏಕೆಂದರೆ ಆಧುನಿಕ ಚಿತ್ರಕಾರರು ಮಕ್ಕಳಿಂದ ತಾವು ಪಡೆದದ್ದನ್ನು ಎಂದೂ ಮುಚ್ಚಿಟ್ಟವರಲ್ಲ. ವಾಸಿಲಿ ಕ್ಯಾಂಡಿನ್ಸ್‌ಕಿ ಮತ್ತು ಗೇಬ್ರಿಯೆಲೆ ಮ್ಯೂಂಟರ್ ಮಕ್ಕಳ ಚಿತ್ರಗಳನ್ನು ಸಂಗ್ರಹಿಸುತ್ತಿದ್ದರು. ಕ್ಯಾಂಡಿನ್ಸ್‌ಕಿ ಮತ್ತು ಫ್ರಾಂಝ್ ಮಾರ್ಕ್ 1912ರಲ್ಲಿ ಹೊರತಂದ ‘ನೀಲಿ ಸವಾರ’ ಎಂಬ ಸಂಕಲನದಲ್ಲಿ ಮಕ್ಕಳ ಚಿತ್ರಗಳನ್ನು ದೊಡ್ಡವರ ಕೃತಿಗಳ ಜೊತೆಯಲ್ಲೇ ಅಚ್ಚುಹಾಕಿದರು. ಪಾಲ್ ಕ್ಲೀ ತಮ್ಮ ಬಾಲ್ಯದ ಚಿತ್ರಗಳನ್ನು ತಮ್ಮ ಕೃತಿಗಳ ಪಟ್ಟಿಯಲ್ಲಿಯೇ ಸೇರಿಸಿಕೊಂಡರು. ನ್ಯೂಯಾರ್ಕಿನಲ್ಲಿ ಆಲ್‌ಫ್ರೆಡ್ ಸ್ಟೀಗ್‌ಲಿಟ್ಸ್ 1912ರಲ್ಲೇ ತಮ್ಮ ‘291’ ಗ್ಯಾಲರಿಯಲ್ಲಿ ಮಕ್ಕಳ ಕೆಲಸವನ್ನು ಪ್ರದರ್ಶಿಸಿದ್ದರು. ಹೀಗೆ ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆದಿದೆ.

ಎರಡನೆಯದು, “ಬರೆಯಬಲ್ಲೆ” ಎನ್ನುವುದು ಒಂದು ಸವಾಲು. ಆ ಸವಾಲನ್ನು ಗೌರವಿಸಿ ಮನೆಗೆ ಬಂದು ಅವನಿಗೆ ಕಾಗದ ಬಣ್ಣ ಕೊಡಿ, ಮಾಡಲಿ. ಮಾಡುವಾಗ ಅವನು ಎಲ್ಲಿ ನಿಲ್ಲಿಸಬೇಕು, ಯಾವ ಬಣ್ಣದ ಪಕ್ಕ ಯಾವುದು ಕೂರುತ್ತದೆ, ಒಂದು ಮೂಲೆ ಏಕೆ ಭಾರವಾಗಿ ಕಾಣುತ್ತದೆ ಎಂಬ ಇಕ್ಕಟ್ಟುಗಳನ್ನು ತಾನೇ ಎದುರಿಸುತ್ತಾನೆ. ಚಿತ್ರಕಾರ ಏನು ಮಾಡಿದ್ದಾನೆ ಎಂಬುದು ಮಾತಿಗಿಂತ ಈ ಇಕ್ಕಟ್ಟುಗಳಿಂದ ಹೆಚ್ಚು ಚೆನ್ನಾಗಿ ತಿಳಿಯುತ್ತದೆ.

ಸುತ್ತಲಿದ್ದವರ ನಗುವಿನ ಬಗ್ಗೆ ಒಂದು ಮಾತು ಹೇಳಲೇಬೇಕು. 1937ರಲ್ಲಿ ನಾಜಿ ಆಡಳಿತವು ಮ್ಯೂನಿಕ್‌ನಲ್ಲಿ ‘ಪತಿತ ಕಲೆ’ ಎಂಬ ಹೆಸರಿನಲ್ಲಿ ಸುಮಾರು 650 ಆಧುನಿಕ ಕೃತಿಗಳನ್ನು, ಕ್ಲೀ ಮತ್ತು ಕ್ಯಾಂಡಿನ್ಸ್‌ಕಿಯವರ ಕೃತಿಗಳೂ ಸೇರಿದಂತೆ, ಒತ್ತೊತ್ತಾಗಿ ತೂಗುಹಾಕಿ, ಗೋಡೆಗಳ ಮೇಲೆ ಹೀಯಾಳಿಕೆಯ ಬರಹಗಳನ್ನು ಬರೆಸಿತು. ಆ ಚಿತ್ರಗಳಲ್ಲಿ ಹಲವು ಅದಕ್ಕೆ ಕೆಲವೇ ವರ್ಷಗಳ ಹಿಂದೆ ಜರ್ಮನಿಯ ಸಂಗ್ರಹಾಲಯಗಳಲ್ಲಿ ಗೌರವದಿಂದ ತೂಗುತ್ತಿದ್ದಂಥವು. ಚಿತ್ರ ಬದಲಾಗಿರಲಿಲ್ಲ, ಅದರ ಪಕ್ಕದ ಮಾತು ಬದಲಾಗಿತ್ತು. ಇಂದಿನ ಪ್ರೇಕ್ಷಕರ ನಗುವನ್ನು ಅದಕ್ಕೆ ಹೋಲಿಸುವುದು ನನ್ನ ಉದ್ದೇಶವಲ್ಲ. ಆದರೆ ಮಗುವೊಂದು ಚಿತ್ರದ ಮುಂದೆ ನಿಂತಾಗ ಪಕ್ಕದ ದೊಡ್ಡವರ ಮೊದಲ ಮಾತು ಗೋಡೆಯ ಬರಹದಂತೆಯೇ ಕೆಲಸ ಮಾಡುತ್ತದೆ. ಆದ್ದರಿಂದ ಆ ಮಾತನ್ನು ತಡಮಾಡಿ ಆಡಿ. ಮಗು ಮೊದಲು ಮಾತನಾಡಲಿ.

ಪ್ರಶ್ನೆ: ಜಪಾನಿನ ಕಲಾವಿದೆ ಯಾಯೊಯಿ ಕುಸಾಮಾ ಅವರ ಕೃತಿಗಳನ್ನು ನೋಡಿ ಬಂದ ಮೇಲೆ ನಮ್ಮ ಶಾಲೆಯಲ್ಲಿ ಇಡೀ ತರಗತಿಯಿಂದ ಚುಕ್ಕೆಗಳ ಚಿತ್ರ ಮಾಡಿಸಿದೆವು. ನಲವತ್ತು ಮಕ್ಕಳು, ನಲವತ್ತು ಚಿತ್ರ, ಎಲ್ಲವೂ ಸೊಗಸಾಗಿ ಬಂದಿವೆ. ಪೋಷಕರಿಗೂ ಸಂತೋಷವಾಗಿದೆ. ಆದರೂ ನನಗೆ ಏನೋ ತಪ್ಪಿದಂತೆ ಅನ್ನಿಸುತ್ತಿದೆ. ನನ್ನ ಅನುಮಾನ ಸರಿಯೇ?

ಉತ್ತರ: ಸರಿ. ಈ ಸಲ ಬಂದ ಪತ್ರಗಳಲ್ಲಿ ನಿಮ್ಮ ಪತ್ರವೇ ನನಗೆ ಅತ್ಯಂತ ಮುಖ್ಯವೆನಿಸಿತು, ಏಕೆಂದರೆ ಪ್ರದರ್ಶನದ ಪ್ರಭಾವ ಎಲ್ಲಿ ಫಲ ಕೊಡುತ್ತದೆ, ಎಲ್ಲಿ ಬತ್ತುತ್ತದೆ ಎಂಬುದು ಇಲ್ಲೇ ನಿರ್ಧಾರವಾಗುತ್ತದೆ.

ಹಿಂದೆ ಮಕ್ಕಳು ಹಲಗೆಯ ಮೇಲಿನ ಎಲೆಬಳ್ಳಿಯನ್ನು ನಕಲಿಸುತ್ತಿದ್ದರು, ಈಗ ಕುಸಾಮಾರ ಚುಕ್ಕೆಯನ್ನು ನಕಲಿಸಿದರೆ ಮಾದರಿ ಹೊಸದಾಯಿತೇ ಹೊರತು ಪಾಠ ಹಳೆಯದೇ ಆಯಿತು. ಅಮೆರಿಕದ ಕಲಾಶಿಕ್ಷಣತಜ್ಞ ಆರ್ಥರ್ ಎಫ್‌ಲಂಡ್ 1976ರಲ್ಲಿ ಇದಕ್ಕೆ ಒಂದು ಹೆಸರು ಕೊಟ್ಟರು: ‘ಶಾಲಾ ಕಲಾಶೈಲಿ’. ಶಾಲೆಯ ಗೋಡೆಯ ಮೇಲೆ ಮಾತ್ರ ಕಾಣಸಿಗುವ, ಶಾಲೆಯ ಹೊರಗೆ ಮಕ್ಕಳೂ ಮಾಡದ, ಕಲಾವಿದರೂ ಮಾಡದ ಒಂದು ಬಗೆಯ ಚಿತ್ರ ಅದು. ನೋಡಲು ಉಲ್ಲಾಸವಾಗಿರುತ್ತದೆ, ಸಂಭ್ರಮದಂತೆ ಕಾಣುತ್ತದೆ, ಆದರೆ ಅದರಲ್ಲಿ ಮಗು ಯಾವ ನಿರ್ಧಾರವನ್ನೂ ತೆಗೆದುಕೊಂಡಿರುವುದಿಲ್ಲ. ನಿಮ್ಮ ನಲವತ್ತು ಚಿತ್ರಗಳು ‘ಸೊಗಸಾಗಿ’ ಬಂದಿವೆ ಎಂಬ ಮಾತನ್ನೇ ಗಮನಿಸಿ: ನಲವತ್ತು ಮಕ್ಕಳು ತಾವಾಗಿ ಆಯ್ದುಕೊಂಡು ಮಾಡಿದ್ದರೆ ಕೆಲವು ಸೊಗಸಾಗಿ, ಕೆಲವು ಗೊಂದಲವಾಗಿ, ಒಂದೆರಡು ಯಾರಿಗೂ ಅರ್ಥವಾಗದಂತೆ ಬರಬೇಕಿತ್ತು.

ಕುಸಾಮಾ ಚುಕ್ಕೆಯನ್ನು ಆಯ್ದುಕೊಂಡದ್ದು ಅಲಂಕಾರಕ್ಕಲ್ಲ. ಬಾಲ್ಯದಿಂದ ಅವರಿಗೆ ಭ್ರಮೆಯ ದೃಶ್ಯಗಳು ಕಾಣುತ್ತಿದ್ದವು. ಒಂದೇ ಗುರುತು ಹರಡುತ್ತ ಹರಡುತ್ತ ಕೋಣೆಯನ್ನೂ ತಮ್ಮನ್ನೂ ನುಂಗಿಬಿಡುವ ಭಯ ಅವರ ಚುಕ್ಕೆಗಳ ಹಿಂದಿದೆ. 2002ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್‌ನ ಕ್ವೀನ್ಸ್‌ಲ್ಯಾಂಡ್ ಆರ್ಟ್ ಗ್ಯಾಲರಿಯಲ್ಲಿ ಮಕ್ಕಳಿಗಾಗಿ ಅವರು ರೂಪಿಸಿದ ಕೃತಿಯನ್ನು ನೆನೆಯಿರಿ. ಮೇಜು, ಕುರ್ಚಿ, ಗೋಡೆ, ನೆಲ ಎಲ್ಲವೂ ಅಚ್ಚ ಬಿಳಿಯಾಗಿದ್ದ ಒಂದು ಮನೆಯ ಕೋಣೆ. ಒಳಗೆ ಬಂದ ಪ್ರತಿ ಮಗುವಿನ ಕೈಗೂ ಬಣ್ಣಬಣ್ಣದ ದುಂಡು ಸ್ಟಿಕ್ಕರುಗಳು. ಎಲ್ಲಿ ಬೇಕಾದರೂ ಅಂಟಿಸಬಹುದು. ದಿನ ಕಳೆದಂತೆ ಬಿಳಿ ಮಾಯವಾಗಿ, ವಸ್ತುಗಳ ಅಂಚುಗಳೇ ಕರಗಿ, ಕೋಣೆ ಬಣ್ಣದ ಮಂಜಿನಲ್ಲಿ ಮುಳುಗುತ್ತದೆ. ಅಳಿಸಿಹಾಕುವುದೇ ಆ ಕೃತಿಯ ಹುರುಳು, ‘ಅಳಿಸಿಹಾಕುವ ಕೋಣೆ’ (ಒಬ್ಲಿಟರೇಷನ್ ರೂಮ್) ಎಂಬ ಹೆಸರೂ ಅದನ್ನೇ ಸೂಚಿಸುತ್ತದೆ. ಇದನ್ನು ತರಗತಿಗೆ ತರುವಾಗ ಕೊಡಬೇಕಾದ ಕೆಲಸ ಚುಕ್ಕೆ ಬಿಡಿಸುವುದಲ್ಲ. “ನಿನ್ನ ಸುತ್ತಲಿನ ಒಂದು ವಸ್ತುವನ್ನು ಆರಿಸಿಕೊ. ಒಂದೇ ಗುರುತನ್ನು ಮತ್ತೆ ಮತ್ತೆ ಹಾಕಿ ಅದನ್ನು ಕಣ್ಣಿನಿಂದ ಮರೆಮಾಡಲು ಸಾಧ್ಯವೇ ನೋಡು. ಗುರುತು ಯಾವುದು ಎಂಬುದು ನಿನಗೇ ಬಿಟ್ಟದ್ದು” ಎಂದು ಹೇಳಿದರೆ, ಒಬ್ಬ ತನ್ನ ಹೆಸರಿನ ಅಕ್ಷರವನ್ನು, ಇನ್ನೊಬ್ಬಳು ಬೆರಳಚ್ಚನ್ನು, ಮತ್ತೊಬ್ಬ ಇಂಟು ಗುರುತನ್ನು ಆರಿಸಿಕೊಳ್ಳುತ್ತಾರೆ. ಆಗ ಪ್ರದರ್ಶನ ತರಗತಿಯೊಳಕ್ಕೆ ನಿಜವಾಗಿ ಬಂದಿತು ಎನ್ನಬಹುದು.

ಫ್ರಾನ್ಸಿನ ಚಿತ್ರಕಾರ ಮಾತೀಸ್ ಅವರ ಕಾಗದ ಕತ್ತರಿಕೆಯ ಚಿತ್ರಗಳಿಗೂ ಇದೇ ಗತಿಯಾಗುವುದನ್ನು ಕಂಡಿದ್ದೇನೆ. 2014ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ನಡೆದ ಅವುಗಳ ಪ್ರದರ್ಶನವನ್ನು ಐದು ಲಕ್ಷಕ್ಕೂ ಹೆಚ್ಚು ಜನರು ನೋಡಿದರು. ‘ಬಸವನಹುಳು’ ಎಂಬ ಚಿತ್ರವನ್ನು ಆಧರಿಸಿ ಬಣ್ಣದ ಕಾಗದದ ಚೌಕಗಳನ್ನು ಸುರುಳಿಯಾಗಿ ಅಂಟಿಸುವ ಪಾಠ ಅನೇಕ ಶಾಲೆಗಳಿಗೆ ಪರಿಚಿತ. ಆದರೆ 1941ರ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಗಾಲಿಕುರ್ಚಿ ಹಿಡಿದಿದ್ದ ಮುದುಕರೊಬ್ಬರು, ಕ್ಯಾನ್ವಾಸಿನ ಮುಂದೆ ಬಹಳ ಹೊತ್ತು ನಿಲ್ಲಲಾಗದೆ, ಸಹಾಯಕರು ಬಣ್ಣ ಬಳಿದುಕೊಟ್ಟ ಕಾಗದವನ್ನು ಕತ್ತರಿಯಿಂದಲೇ ‘ಬರೆಯಲು’ ತೊಡಗಿದ್ದರಿಂದ ಆ ಕಲೆ ಹುಟ್ಟಿತು ಎಂಬುದನ್ನು ಎಷ್ಟು ಮಕ್ಕಳಿಗೆ ಹೇಳುತ್ತೇವೆ? ಅದನ್ನು ಹೇಳಿದರೆ ಪಾಠ ಬೇರೆಯೇ ಆಗುತ್ತದೆ. ಇವತ್ತು ಪೆನ್ಸಿಲ್ ಇಲ್ಲ, ಕುಂಚ ಇಲ್ಲ, ಗೆರೆ ಎಳೆಯದೆ ಚಿತ್ರ ಮಾಡಬೇಕು ಎಂಬ ಒಂದು ಕಟ್ಟು ಹಾಕಿದರೆ ಸಾಕು, ಮಕ್ಕಳು ಕತ್ತರಿಸುತ್ತಾರೆ, ಹರಿಯುತ್ತಾರೆ, ಮಡಿಸುತ್ತಾರೆ, ಒತ್ತುತ್ತಾರೆ.

ಘಾನಾದಲ್ಲಿ ಹುಟ್ಟಿ, ನೈಜೀರಿಯಾದ ನ್ಸುಕ್ಕಾ ವಿಶ್ವವಿದ್ಯಾನಿಲಯದಲ್ಲಿ ದಶಕಗಳ ಕಾಲ ಮೇಷ್ಟರಾಗಿದ್ದ ಎಲ್ ಅನಾಟ್ಸುಯಿ ಅವರ ಕೆಲಸವೂ ಹಾಗೆಯೇ. ಮದ್ಯದ ಬಾಟಲಿಗಳ ಸಾವಿರಾರು ಮುಚ್ಚಳಗಳನ್ನು ಚಪ್ಪಟೆ ಮಾಡಿ, ತಾಮ್ರದ ತಂತಿಯಿಂದ ಹೆಣೆದು, ಗೋಡೆಯುದ್ದದ ಹೊಳೆಯುವ ಬಟ್ಟೆಯಂತೆ ಅವರು ತೂಗುಹಾಕುತ್ತಾರೆ. ಶಾಲೆಗಳು ಇದನ್ನು ಹೆಚ್ಚಾಗಿ ‘ಕಸದಿಂದ ರಸ’ದ ಚಟುವಟಿಕೆಯಾಗಿ ತೆಗೆದುಕೊಳ್ಳುತ್ತವೆ. ಆದರೆ ಯೂರೋಪಿನ ವರ್ತಕರು ಆಫ್ರಿಕಾದ ಕರಾವಳಿಗೆ ತಂದ ಸರಕುಗಳಲ್ಲಿ ಮದ್ಯವೂ ಒಂದು ಎಂಬ ಚರಿತ್ರೆ ಆ ಮುಚ್ಚಳಗಳಲ್ಲಿದೆ. ಪ್ರತಿ ಸಲ ತೂಗುಹಾಕುವಾಗಲೂ ಅದರ ಮಡಿಕೆಗಳು ಬೇರೆಯಾಗುತ್ತವೆ, ಕೃತಿಗೆ ಒಂದೇ ಖಚಿತ ರೂಪವಿಲ್ಲ. ಪ್ರೌಢಶಾಲೆಯ ಮಕ್ಕಳಿಗೆ ಇವೆರಡೂ ಸಂಗತಿಗಳು ಚೆನ್ನಾಗಿ ಅರ್ಥವಾಗುತ್ತವೆ. ತಾವು ಬಳಸುವ ವಸ್ತು ಎಲ್ಲಿಂದ ಬಂತು, ಯಾರ ಕೈ ದಾಟಿ ಬಂತು ಎಂದು ಕೇಳಿಕೊಂಡೇ ಅವರು ಕೆಲಸಕ್ಕೆ ತೊಡಗಲಿ.

ಒಟ್ಟಿನಲ್ಲಿ, ಪ್ರದರ್ಶನದಿಂದ ಶಾಲೆಗೆ ಹೊತ್ತು ತರಬೇಕಾದದ್ದು ಕಲಾವಿದರ ಉತ್ತರವನ್ನಲ್ಲ, ಅವರ ಮುಂದಿದ್ದ ಇಕ್ಕಟ್ಟನ್ನು. ಆ ನಲವತ್ತು ಚಿತ್ರಗಳನ್ನು ಗೋಡೆಯಿಂದ ಇಳಿಸಬೇಕಿಲ್ಲ. ಅವನ್ನು ಮೊದಲ ಹೆಜ್ಜೆ ಎಂದುಕೊಂಡು, ಮುಂದಿನ ವಾರ ಅದೇ ಮಕ್ಕಳಿಗೆ ಮೇಲಿನಂಥ ಒಂದು ಕೆಲಸ ಕೊಟ್ಟು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲು ಹೇಳಿ.

ಪ್ರಶ್ನೆ: ನಾನು ಮುಖ್ಯೋಪಾಧ್ಯಾಯ. ಪ್ರವಾಸಕ್ಕೆ ಒಂದು ದಿನದ ಪಾಠ ಹೋಗುತ್ತದೆ, ವಾಹನದ ಖರ್ಚಿದೆ, ಜವಾಬ್ದಾರಿಯಿದೆ. ಕಲಾಪ್ರದರ್ಶನ ನೋಡುವುದರಿಂದ ಮಕ್ಕಳಿಗೆ ಅಳೆಯಬಹುದಾದ ಪ್ರಯೋಜನವಿದೆಯೇ?

ಉತ್ತರ: ತಮ್ಮ ಪ್ರಶ್ನೆ ನ್ಯಾಯವಾದುದು. 2011ರ ಕೊನೆಯಲ್ಲಿ ಅಮೆರಿಕದ ಆರ್ಕನ್ಸಾ ರಾಜ್ಯದಲ್ಲಿ ಕ್ರಿಸ್ಟಲ್ ಬ್ರಿಜಸ್ ಎಂಬ ಕಲಾ ಸಂಗ್ರಹಾಲಯ ತೆರೆದಾಗ, ಉಚಿತ ಶಾಲಾ ಭೇಟಿಗೆ ಇದ್ದ ಅವಕಾಶಕ್ಕಿಂತ ಹೆಚ್ಚು ಶಾಲೆಗಳು ಅರ್ಜಿ ಹಾಕಿದವು. ಯಾರು ಮೊದಲು ಬರಬೇಕು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕಾಯಿತು. ಆ ರಾಜ್ಯದ ವಿಶ್ವವಿದ್ಯಾನಿಲಯದ ಸಂಶೋಧಕರು ಈ ಸಂದರ್ಭವನ್ನು ಬಳಸಿಕೊಂಡು, ಹೋಗಿ ಬಂದ ಮಕ್ಕಳನ್ನು ಇನ್ನೂ ಹೋಗದ ಮಕ್ಕಳೊಂದಿಗೆ ಹೋಲಿಸಿದರು. 123 ಶಾಲೆಗಳ 10,912 ವಿದ್ಯಾರ್ಥಿಗಳು ಈ ಅಧ್ಯಯನದಲ್ಲಿದ್ದರು. ತಾವು ಹಿಂದೆ ನೋಡಿರದ ಚಿತ್ರವೊಂದರ ಬಗ್ಗೆ ಬರೆಯಲು ಹೇಳಿದಾಗ, ಹೋಗಿ ಬಂದ ಮಕ್ಕಳು ಹೆಚ್ಚು ಸೂಕ್ಷ್ಮವಾಗಿ ಗಮನಿಸಿ, ಕಾರಣ ಕೊಟ್ಟು ಬರೆದರು. ಬೇರೆ ಕಾಲದ ಜನರ ಬದುಕನ್ನು ಊಹಿಸಿಕೊಳ್ಳುವ ಶಕ್ತಿಯೂ, ಭಿನ್ನಾಭಿಪ್ರಾಯವನ್ನು ಸಹಿಸುವ ಗುಣವೂ ಅವರಲ್ಲಿ ಹೆಚ್ಚಿತ್ತು. ಒಟ್ಟಾರೆ ವ್ಯತ್ಯಾಸ ದೊಡ್ಡದಲ್ಲ ಎಂಬುದನ್ನು ಮರೆಮಾಚಬಾರದು; ಆದರೆ ಗ್ರಾಮೀಣ ಶಾಲೆಗಳ ಮತ್ತು ಬಡತನ ಹೆಚ್ಚಿರುವ ಶಾಲೆಗಳ ಮಕ್ಕಳಲ್ಲಿ ಅದು ಎದ್ದು ಕಾಣುವಷ್ಟಿತ್ತು. ಅಲ್ಲಿ ಹಳೆಯ ಕಾಲದ ಚಿತ್ರಗಳೂ ಇದ್ದವು, ಹೀಗಾಗಿ ಫಲವನ್ನೆಲ್ಲ ಆಧುನಿಕ ಕಲೆಯ ಲೆಕ್ಕಕ್ಕೆ ಬರೆಯಲು ಬರುವುದಿಲ್ಲ.

ತಮ್ಮ ಶಿಕ್ಷಕರಿಗೆ ಉಪಯೋಗವಾಗಬಹುದಾದ ಸಂಗತಿ ಇನ್ನೊಂದಿದೆ. ಆ ಭೇಟಿಯಲ್ಲಿ ಸುಮಾರು ಒಂದು ಗಂಟೆಯಲ್ಲಿ ಮಕ್ಕಳು ನೋಡಿ ಚರ್ಚಿಸುತ್ತಿದ್ದದ್ದು ಐದೇ ಚಿತ್ರಗಳನ್ನು. ಮಾರ್ಗದರ್ಶಕರು ವಿವರಣೆಯನ್ನು ಆದಷ್ಟು ಕಡಿಮೆ ಮಾಡಿ ಮಕ್ಕಳನ್ನೇ ಮಾತನಾಡಿಸುತ್ತಿದ್ದರು. ಈ ಬಗೆಯ ಚರ್ಚೆಗೆ ಅಬಿಗೇಲ್ ಹೌಸೆನ್ ಮತ್ತು ಫಿಲಿಪ್ ಯೆನಾವೈನ್ ಸಿದ್ಧಪಡಿಸಿದ ಮೂರು ಪ್ರಶ್ನೆಗಳು ಬಹಳ ಹೆಸರಾದವು: ಈ ಚಿತ್ರದಲ್ಲಿ ಏನು ನಡೆಯುತ್ತಿದೆ? ಯಾವುದನ್ನು ನೋಡಿ ಹಾಗೆ ಹೇಳುತ್ತೀಯ? ಇನ್ನೂ ಏನೇನು ಕಾಣುತ್ತದೆ? ಎರಡನೆಯ ಪ್ರಶ್ನೆಯಲ್ಲಿ ಇಡೀ ಶಿಕ್ಷಣವೇ ಅಡಗಿದೆ ಎಂದು ನನಗೆ ಅನ್ನಿಸುತ್ತದೆ. ಮಗು ಏನು ಹೇಳಿದರೂ ಸರಿ ಎಂದು ಬಿಡದೆ, ತಪ್ಪು ಎಂದೂ ತಳ್ಳದೆ, ಆಧಾರವನ್ನು ಚಿತ್ರದೊಳಗೇ ಹುಡುಕುವಂತೆ ಅದು ಮಾಡುತ್ತದೆ. ನೂರು ಚಿತ್ರಗಳ ಮುಂದೆ ಸಾಲಾಗಿ ನಡೆಸಿಕೊಂಡು ಹೋಗುವ ಪ್ರವಾಸಕ್ಕೆ ತಾವು ಒಪ್ಪಿಗೆ ಕೊಡಬೇಕಾಗಿಲ್ಲ. ಐದು ಚಿತ್ರಗಳ ಮುಂದೆ ಕುಳಿತುಕೊಳ್ಳುವ ಪ್ರವಾಸಕ್ಕೆ ದಯವಿಟ್ಟು ಕೊಡಿ.

ಪ್ರಶ್ನೆ: ನಮ್ಮ ಶಾಲೆಯಿಂದ ಹೋಗಿಬರುವಷ್ಟು ದೂರದಲ್ಲಿ ಯಾವ ಕಲಾ ಸಂಗ್ರಹಾಲಯವೂ ಇಲ್ಲ. ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದರೆ ಸಾಕೇ?

ಉತ್ತರ: ತೋರಿಸಿ, ಆದರೆ ಅದರ ಕೊರತೆಯನ್ನು ತಿಳಿದು ತೋರಿಸಿ. ಪರದೆ ಎಲ್ಲ ಚಿತ್ರಗಳನ್ನೂ ಒಂದೇ ಅಳತೆಗೆ ತರುತ್ತದೆ. 1937ರ ಏಪ್ರಿಲ್‌ನಲ್ಲಿ ಬಾಂಬ್ ದಾಳಿಗೆ ತುತ್ತಾದ ಊರನ್ನು ಕುರಿತು ಪಿಕಾಸೊ ಬರೆದ ‘ಗೆರ್ನಿಕಾ’ ಸುಮಾರು ಮೂರೂವರೆ ಮೀಟರ್ ಎತ್ತರ, ಏಳೂಮುಕ್ಕಾಲು ಮೀಟರ್ ಅಗಲ. ಮೊಬೈಲಿನಲ್ಲಿ ನೋಡಿದ ಮಗುವಿಗೆ ಅದು ಒಂದು ಕಪ್ಪುಬಿಳುಪು ಚಿತ್ರ ಮಾತ್ರ. ಮೈದಾನದಲ್ಲಿ ಸುಣ್ಣದ ಪುಡಿಯಿಂದ ಅದೇ ಅಳತೆಯ ಆಯತವನ್ನು ಬರೆದು ಮಕ್ಕಳನ್ನು ಅದರೊಳಗೆ ನಿಲ್ಲಿಸಿ, ಆಮೇಲೆ ಚಿತ್ರ ತೋರಿಸಿ. ಆ ಕುದುರೆ, ಆ ತಾಯಿ ತಮಗಿಂತ ಎಷ್ಟು ದೊಡ್ಡವರು ಎಂಬುದು ಮೈಗೆ ತಿಳಿಯುತ್ತದೆ.

ಅದಕ್ಕಿಂತ ಒಳ್ಳೆಯ ದಾರಿ, ಶಾಲೆಯಲ್ಲೇ ಪ್ರದರ್ಶನವನ್ನು ಕಟ್ಟುವುದು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ 1937ರಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ಶಿಕ್ಷಣ ವಿಭಾಗವನ್ನು ನಡೆಸಿದ ವಿಕ್ಟರ್ ಡಮಿಕೊ 1942ರಲ್ಲಿ ‘ಮಕ್ಕಳ ಕಲಾ ಉತ್ಸವ’ವೊಂದನ್ನು ಆರಂಭಿಸಿದರು. ಅದರ ಬಾಗಿಲಿನ ಅಳತೆಯೇ ಮಕ್ಕಳದ್ದು. ಪೋಷಕರಿಗೆ ಒಳಗೆ ಪ್ರವೇಶವಿರಲಿಲ್ಲ. ಮಕ್ಕಳು ಮೊದಲು ಒಂದು ಕೋಣೆಯಲ್ಲಿ ಬಣ್ಣ, ಬೆಳಕು, ಚಲನೆಯ ಆಟಿಕೆಗಳೊಂದಿಗೆ ಆಡಿ, ನಂತರ ಪಕ್ಕದ ಕೋಣೆಗೆ ಹೋಗಿ ತಮ್ಮ ಕೆಲಸ ಮಾಡುತ್ತಿದ್ದರು. ಇಟಲಿಯ ರೆಜಿಯೊ ಎಮಿಲಿಯಾ ನಗರದ ಶಿಶುಶಾಲೆಗಳಂತೂ ಇನ್ನೂ ಮುಂದೆ ಹೋದವು: ಮಕ್ಕಳ ಚಿತ್ರಗಳ ಜೊತೆಗೆ, ಕೆಲಸ ಮಾಡುವಾಗ ಅವರು ಆಡಿದ ಮಾತುಗಳನ್ನೂ ಬರೆದಿಟ್ಟು ಗೋಡೆಗೆ ಏರಿಸುವ ಪದ್ಧತಿಯನ್ನು ಬೆಳೆಸಿದವು. 1981ರಲ್ಲಿ ಆ ಪ್ರದರ್ಶನ ಸ್ಟಾಕ್‌ಹೋಮ್‌ನ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಹೋಯಿತು, ಆಮೇಲೆ ಅನೇಕ ದೇಶಗಳನ್ನು ಸುತ್ತಿತು. ಶಾಲೆಯೊಂದರ ಗೋಡೆಯಿಂದ ಸಂಗ್ರಹಾಲಯದವರೆಗೆ ನಡೆದ ಇಂಥ ಪಯಣ ಇದೊಂದೇ ಅಲ್ಲ. ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್‌ನ ಬಡ ಬಡಾವಣೆಯಲ್ಲಿ 1980ರ ದಶಕದಲ್ಲಿ ಕಲಿಸಲು ತೊಡಗಿದ ಟಿಮ್ ರಾಲಿನ್ಸ್, ಓದಿನಲ್ಲಿ ಹಿಂದುಳಿದವರೆಂದು ಬದಿಗಿಡಲ್ಪಟ್ಟ ಹುಡುಗ ಹುಡುಗಿಯರೊಂದಿಗೆ ಕುಳಿತು ಕಾದಂಬರಿಗಳನ್ನು ಓದಿ, ಆ ಪುಟಗಳನ್ನೇ ಕ್ಯಾನ್ವಾಸಿಗೆ ಅಂಟಿಸಿ ಅವುಗಳ ಮೇಲೆ ಚಿತ್ರ ಬರೆಸಿದರು. ಆ ಕೃತಿಗಳು ಇಂದು ದೊಡ್ಡ ಸಂಗ್ರಹಾಲಯಗಳಲ್ಲಿವೆ.

ನಿಮ್ಮ ಶಾಲೆಯ ಪಡಸಾಲೆಗೆ ಎರಡು ಸಲಹೆಗಳು. ಚಿತ್ರಗಳನ್ನು ಮಕ್ಕಳ ಕಣ್ಣಿನ ಎತ್ತರಕ್ಕೆ ತೂಗುಹಾಕಿ, ಅತಿಥಿಗಳ ಕಣ್ಣಿನ ಎತ್ತರಕ್ಕಲ್ಲ. ಬಹುಮಾನ ಬಂದವನ್ನಷ್ಟೇ ಆರಿಸಿ ಹಾಕಬೇಡಿ. ಯಾವುದು ಗೋಡೆಗೆ, ಯಾವುದರ ಪಕ್ಕ ಯಾವುದು ಎಂಬುದನ್ನು ಮಕ್ಕಳೇ ಚರ್ಚಿಸಿ ತೀರ್ಮಾನಿಸಲಿ. ಪ್ರದರ್ಶನವೊಂದನ್ನು ಕಟ್ಟಿದ ಮಗು ಮುಂದೆ ಯಾವುದೇ ಗ್ಯಾಲರಿಗೆ ಹೋದರೂ ಅಲ್ಲಿನ ಜೋಡಣೆಯನ್ನು ಓದಬಲ್ಲದು.

ಪ್ರಶ್ನೆ: ಶಿಕ್ಷಕ ತರಬೇತಿಯಲ್ಲಿರುವ ವಿದ್ಯಾರ್ಥಿ ನಾನು. ಪ್ರತಿಷ್ಠಾಪನ ಕಲೆ (ವಸ್ತುಗಳನ್ನು ಒಂದು ಜಾಗದಲ್ಲಿ ಜೋಡಿಸಿ ಕಟ್ಟುವ ಕೃತಿ), ಕೊಲಾಜ್ (ಕಾಗದ ಮೊದಲಾದವುಗಳ ತುಣುಕುಗಳನ್ನು ಅಂಟಿಸಿ ಮಾಡುವ ಚಿತ್ರ) ಇಂಥವನ್ನು ಮಕ್ಕಳಿಂದ ಮಾಡಿಸಿದರೆ ಅಂಕ ಕೊಡುವುದು ಹೇಗೆ? ವಸ್ತುಚಿತ್ರದಲ್ಲಾದರೆ ನೆರಳುಬೆಳಕು, ಪ್ರಮಾಣ ನೋಡಿ ಕೊಡಬಹುದು.

ಉತ್ತರ: ಮಗುವಿನ ಕೈಗೆ ಒಂದು ಸ್ಕೆಚ್ ಪುಸ್ತಕ ಕೊಡಿ. ಮೊದಲ ಯೋಚನೆ, ಬಿಟ್ಟುಕೊಟ್ಟ ಯೋಚನೆ, ಪ್ರದರ್ಶನದಲ್ಲಿ ಮಾಡಿದ ಟಿಪ್ಪಣಿ, ವಸ್ತುಗಳನ್ನು ಪರೀಕ್ಷಿಸಿದ ತುಣುಕುಗಳು, ಎಲ್ಲವೂ ಅದರಲ್ಲಿರಲಿ. ಕೊನೆಯ ಕೃತಿಯೊಂದಕ್ಕೇ ಅಂಕ ಕೊಡುವ ಬದಲು ಆ ಪುಸ್ತಕ ಮತ್ತು ಕೃತಿ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು, ಮಗು ಎಲ್ಲೆಲ್ಲಿ ಮನಸ್ಸು ಬದಲಿಸಿತು, ಏಕೆ ಬದಲಿಸಿತು ಎಂಬುದನ್ನು ಅದರ ಬಾಯಿಂದಲೇ ಕೇಳಿ. ನೆರಳುಬೆಳಕನ್ನು ಕಲಿಸುವುದನ್ನೂ ಕೈಬಿಡಬೇಡಿ. ಮಾತೀಸ್‌ರ ಕತ್ತರಿಯ ಹಿಂದೆ ಐದು ದಶಕಗಳ ಚಿತ್ರಾಭ್ಯಾಸವಿತ್ತು. ನೀವು ಶಿಕ್ಷಕರಾಗಿ ಸೇರಿದ ಮೇಲೆ ಮೊದಲ ವರ್ಷವೇ ಇಡೀ ತರಗತಿಗೆ ಇದನ್ನು ಮಾಡುವುದು ಕಷ್ಟವೆನಿಸಿದರೆ, ವರ್ಷಕ್ಕೆ ಒಂದೇ ಕೆಲಸವನ್ನು ಈ ರೀತಿ ಮೌಲ್ಯಮಾಪನ ಮಾಡಿ, ಉಳಿದವನ್ನು ರೂಢಿಯಂತೆ ನಡೆಸಿ. ನಿಮ್ಮ ಮೊದಲ ತರಗತಿಯ ಸ್ಕೆಚ್ ಪುಸ್ತಕಗಳಲ್ಲಿ ಏನು ಕಂಡಿತು ಎಂದು ನನಗೆ ಬರೆದು ತಿಳಿಸಿ, ಇದೇ ಅಂಕಣದಲ್ಲಿ ಅದನ್ನು ಚರ್ಚಿಸೋಣ.